ಬಂಗಾರದ ಪಂಜರ, ಬೇವಿನ ಕೊಂಬೆ

ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿರಿಯರು ಹೇಳಿಕೊಟ್ಟ ಒಂದು ಪಾಠ ಇನ್ನೂ ಮರೆತಿಲ್ಲ: ದುಡ್ಡು ಕೊಡೋನು ಬೇರೆ, ಬಳಸೋನು ಬೇರೆ. ದುಡ್ಡು ಕೊಡೋ ಮ್ಯಾನೇಜರ್ ಕಣ್ಣಿಗೆ ಚೆಂದ ಕಂಡರೆ ಸಾಲದು, ದಿನಾ ಎಂಟು ಗಂಟೆ ಅದೇ ಸ್ಕ್ರೀನ್ ಮುಂದೆ ಕೂರೋ ಗುಮಾಸ್ತನ ಬೆರಳಿಗೆ ಹಿತವಾಗಿರಬೇಕು. ಗಿಣಿ ಪಂಜರದ ಚರಿತ್ರೆ ಓದ್ತಾ ಹೋದಾಗ ನನಗೆ ಮತ್ತೆ ಮತ್ತೆ ನೆನಪಾಗಿದ್ದು ಇದೇ ಮಾತು. ಎರಡು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ಮನುಷ್ಯ ಗಿಣಿಗೆ ಮನೆ ಕಟ್ಟಿಕೊಡ್ತಾ ಬಂದಿದ್ದಾನೆ. ಬಂಗಾರದ್ದು, ಬೆಳ್ಳಿದು, ದಂತದ್ದು, ತಂತಿದು. ಕಟ್ಟಿದ್ದೆಲ್ಲ ನೋಡೋನ ಕಣ್ಣಿಗೆ. ಒಳಗೆ ಇರೋದರ ಕಾಲಿಗೆ, ಕೊಕ್ಕಿಗೆ ಏನು ಬೇಕು ಅಂತ ಕೇಳೋಕೆ ಶುರುವಾಗಿದ್ದು ತೀರಾ ಈಚೆಗೆ.

ನಾನು ಇದನ್ನ ಹುಡುಕಿಕೊಂಡು ಹೋದ ಕಾರಣ ಸಣ್ಣದು. ಹಿರಿಯೂರಲ್ಲಿರೋ ನಮ್ಮಕ್ಕನ ಮಗಳು ಒಂದು ಜೊತೆ ಕಾಕಟಿಯಲ್ ಸಾಕಿದ್ದಾಳೆ. "ಮಾಮ, ಇವಕ್ಕೆ ಆಟದ ಸಾಮಾನು, ಕೂರೋ ಕಡ್ಡಿ ಆರ್ಡರ್ ಮಾಡ್ಬೇಕು, ಯಾವ್ದು ಒಳ್ಳೇದು ನೋಡಿ ಹೇಳು" ಅಂತ ಹತ್ತು ಲಿಂಕು ಕಳಿಸಿದ್ಲು. ಎಲ್ಲ ಕೆಂಪು, ಹಳದಿ, ನೀಲಿ ಪ್ಲಾಸ್ಟಿಕ್ಕು. ಒಂದಕ್ಕೆ ಗೆಜ್ಜೆ, ಒಂದಕ್ಕೆ ಕನ್ನಡಿ, ಇನ್ನೊಂದಕ್ಕೆ ಸಣ್ಣ ಸರಪಳಿ. ಯಾವುದು ಒಳ್ಳೇದು ಅಂತ ಹೇಳಬೇಕಾದರೆ ಗಿಣಿಗೆ ಯಾವುದು ಕೆಟ್ಟದ್ದು ಅಂತ ಗೊತ್ತಿರಬೇಕಲ್ಲ? ಅಲ್ಲಿಂದ ಶುರುವಾದ ಓದು ಅಶೋಕನ ತನಕ ಹೋಯಿತು.

ಮೊದಲು ನನ್ನ ಕಡೆಯ ಗಿಣಿ ವಿಷಯ ಹೇಳಿಬಿಡ್ತೀನಿ. ಪುಸ್ತಕದಲ್ಲಿ ಗಿಳಿ, ನಮ್ಮ ಬಾಯಲ್ಲಿ ಗಿಣಿ. ಹೊಳಲ್ಕೆರೆ ತಾಲ್ಲೂಕಿನ ನಮ್ಮ ಹಳ್ಳಿಯಲ್ಲಿ ಅದು ಮುದ್ದಿನ ಹಕ್ಕಿ ಏನಲ್ಲ, ಬೆಳೆ ಕಳ್ಳ. ಮೆಕ್ಕೆಜೋಳ ಹಾಲುಗಾಳು ಕಟ್ಟೋ ಹೊತ್ತಿಗೆ, ಸೂರ್ಯಕಾಂತಿ ತಲೆ ಬಗ್ಗಿಸೋ ಹೊತ್ತಿಗೆ ಕೀಚಲು ಹಾಕ್ಕೊಂಡು ಹಿಂಡುಹಿಂಡಾಗಿ ಇಳೀತಿದ್ವು. ಅಟ್ಟಣೆ ಹತ್ತಿ ಕವಣೆ ಬೀಸೋದು, ಹಳೇ ಡಬ್ಬ ಬಡಿಯೋದು ರಜೆಯಲ್ಲಿ ನಮ್ಮ ಡ್ಯೂಟಿ. ಹೊಡೆಯೋದಕ್ಕಿಂತ ನೋಡಿದ್ದೇ ಹೆಚ್ಚು. ಗಿಣಿ ತೆನೆ ಮೇಲೆ ತಲೆಕೆಳಗಾಗಿ ಜೋತು ಬೀಳುತ್ತೆ. ಕೊಕ್ಕನ್ನ ಮೂರನೇ ಕಾಲಿನ ತರ ಊರಿ ದಂಟು ಹತ್ತುತ್ತೆ. ಒಂದು ಕಾಲಲ್ಲಿ ಕಾಳು ಹಿಡಿದು, ಮಗು ಬಿಸ್ಕತ್ತು ತಿಂದ ಹಾಗೆ ತಿರುಗಿಸಿ ತಿರುಗಿಸಿ ತಿನ್ನುತ್ತೆ. ಒಂದು ಕಾಳು ತಿಂದರೆ ಹತ್ತು ಉದುರಿಸುತ್ತೆ. ರೈತನ ಹೊಟ್ಟೆ ಉರಿಯೋದು ಅದಕ್ಕೇ. ಆದರೆ ಆ ಸಿಗಿಯೋದು, ಸುಲಿಯೋದು, ಉದುರಿಸೋದೇ ಗಿಣಿಯ ಇಡೀ ದಿನದ ಕೆಲಸ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ಊರಲ್ಲಿ ಒಂದು ಮನೆಯ ಜಗಲಿ ಮೇಲೆ ಗುಂಡು ಪಂಜರ ತೂಗುಹಾಕಿದ್ರು. ಒಳಗೆ ಒಂದು ಗಿಣಿ, ನಡುವೆ ಒಂದೇ ಒಂದು ಕಬ್ಬಿಣದ ಸರಳು. ವರ್ಷಗಟ್ಟಲೆ ಆ ಗಿಣಿ ಆ ಸರಳಿನ ಮೇಲೆ ನಿಂತಿತ್ತು. ಒಂದು ಕಾಲು ಎತ್ತೋದು, ಇಳಿಸೋದು, ಇನ್ನೊಂದು ಎತ್ತೋದು. "ಗಿಣಿ ಕುಣಿತೈತೆ ನೋಡ್ರೋ" ಅಂತ ಹುಡುಗರೆಲ್ಲ ನಗೋರು. ಪಾದದ ಅಡಿ ಕೆಂಪಗೆ ಊದಿ ಗಂಟು ಕಟ್ಟಿತ್ತು. ಆ ರೋಗಕ್ಕೆ ಒಂದು ಹೆಸರಿದೆ, ಅದು ಬರೋದು ಸರಳಿನಿಂದಲೇ ಅಂತ ಓದಿ ತಿಳಿಯೋ ಹೊತ್ತಿಗೆ ನಾನು ಬೆಂಗಳೂರು ಸೇರಿ ಎಷ್ಟೋ ವರ್ಷ ಆಗಿತ್ತು. ಆ ಗಿಣಿ ಕುಣೀತಿರಲಿಲ್ಲ. ನೋವಿಗೆ ಕಾಲು ಬದಲಾಯಿಸ್ತಿತ್ತು.

ಈಗ ಚರಿತ್ರೆಗೆ ಬರೋಣ. ಚಿತ್ರದುರ್ಗದೋರಿಗೆ ಚರಿತ್ರೆ ಅಂದ್ರೆ ಮದಕರಿ ನಾಯಕ, ಒನಕೆ ಓಬವ್ವ, ಏಳು ಸುತ್ತಿನ ಕೋಟೆ. ಅದಕ್ಕಿಂತ ಎರಡು ಸಾವಿರ ವರ್ಷ ಹಿಂದಿನದು ನಮ್ಮದೇ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕನ ಶಾಸನ ಇವೆ. 1892ರಲ್ಲಿ ಬಿ.ಎಲ್. ರೈಸ್ ಅವರು ಲೋಕಕ್ಕೆ ತಿಳಿಸಿದ್ದು. ಸುವರ್ಣಗಿರಿಯಿಂದ ಇಸಿಲದ ಅಧಿಕಾರಿಗಳಿಗೆ ಬಂದ ಆ ಆದೇಶ, ತಂದೆತಾಯಿ ಮಾತು ಕೇಳಿ, ನಿಜ ನುಡೀರಿ ಅನ್ನೋದರ ಜೊತೆಗೇ ಜೀವಿಗಳ ಮೇಲೆ ದಯೆ ಇರಲಿ ಅಂತಾನೂ ಹೇಳುತ್ತೆ. ಬರೆದವನ ಹೆಸರು ಚಪಡ. ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನ ವಾಯವ್ಯ ದೇಶದ ಖರೋಷ್ಠಿ ಲಿಪಿಯಲ್ಲಿ ಕೆತ್ತಿಟ್ಟು ಹೋಗಿದ್ದಾನೆ.

ಅದೇ ಅಶೋಕ ಪಟ್ಟಕ್ಕೆ ಬಂದ 26 ವರ್ಷದ ಮೇಲೆ, ಅಂದ್ರೆ ಕ್ರಿ.ಪೂ. 243ರ ಆಸುಪಾಸಲ್ಲಿ, ಉತ್ತರದ ಕಂಬಗಳ ಮೇಲೆ ಇನ್ನೊಂದು ಶಾಸನ ಕೆತ್ತಿಸಿದ. ಐದನೇ ಸ್ತಂಭ ಶಾಸನ ಅಂತಾರೆ. ಕೊಲ್ಲಬಾರದ ಪ್ರಾಣಿಗಳ ದೊಡ್ಡ ಪಟ್ಟಿ ಅದು. ಹಂಸ ಇದೆ, ಚಕ್ರವಾಕ ಇದೆ, ಬಾವಲಿ ಇದೆ, ಆಮೆ ಇದೆ. ಆ ಪಟ್ಟಿಯ ಮೊಟ್ಟಮೊದಲ ಹೆಸರು ಯಾವುದು ಗೊತ್ತಾ? ಗಿಣಿ. ಎರಡನೇದು ಸಾರಿಕೆ, ಅಂದ್ರೆ ಮೈನಾ. ಮನುಷ್ಯನ ಮಾತು ಕಲಿಯೋ ಎರಡು ಹಕ್ಕಿಗಳೇ ಮೊದಲು! ಅದು ಬೇಕಂತಲೇ ಬರೆಸಿದ ಕ್ರಮವೋ ಏನೋ ಶಾಸನ ಹೇಳೋದಿಲ್ಲ. ಗಿಣಿಗೆ ರಾಜಾಜ್ಞೆಯ ರಕ್ಷಣೆ ಅಂತ ಲಿಖಿತವಾಗಿ ಸಿಕ್ಕಿದ್ದು ನನಗೆ ತಿಳಿದ ಮಟ್ಟಿಗೆ ಇದಕ್ಕಿಂತ ಹಳೇದಿಲ್ಲ.

ಅಶೋಕನಿಗೂ ಮುಂಚೆಯೇ ನಮ್ಮ ಗಿಣಿಯ ಸುದ್ದಿ ಗ್ರೀಸಿಗೆ ಮುಟ್ಟಿತ್ತು. ಪರ್ಷಿಯಾದ ರಾಜನ ಹತ್ತಿರ ವೈದ್ಯನಾಗಿದ್ದ ಕ್ಟೇಸಿಯಸ್ ಅನ್ನೋ ಗ್ರೀಕ, ಮನುಷ್ಯರ ಹಾಗೆ ಭಾರತದ ಭಾಷೆ ಆಡೋ ಹಕ್ಕಿ ಒಂದಿದೆ, ಕಲಿಸಿದರೆ ಗ್ರೀಕ್ ಭಾಷೆಯನ್ನೂ ಆಡುತ್ತೆ ಅಂತ ಬರೆದಿಟ್ಟ. ಆಮೇಲೆ ಅಲೆಗ್ಸಾಂಡರ್ ಬಂದ. ನಮ್ಮ ದೊಡ್ಡ ಗಿಣಿಗೆ, ರೆಕ್ಕೆ ಮೇಲೆ ಕೆಂಪು ಪಟ್ಟೆ ಇರುತ್ತಲ್ಲ ಅದಕ್ಕೆ, ಇಂಗ್ಲಿಷಿನಲ್ಲಿ ಇವತ್ತಿಗೂ ಅವನ ಹೆಸರೇ ಇದೆ.

ರೋಮ್ ಸಾಮ್ರಾಜ್ಯದ ಕಾಲಕ್ಕೆ ಗಿಣಿ ಅಂದ್ರೆ ಶ್ರೀಮಂತರ ಮನೆಯ ಸಾಮಾನು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗಸ್ಟಸ್, ಟೈಬೀರಿಯಸ್ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿವೆ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿ ಎರಡನ್ನೂ ಅಗೆಸಿದ್ರು. ಚಂದ್ರವಳ್ಳಿಯಿಂದ ಗಿಣಿ ಹೋಯಿತು ಅಂತ ನಾನು ಹೇಳ್ತಿಲ್ಲ. ಆ ಕಡೆಯ ದುಡ್ಡು ನಮ್ಮೂರ ಕಣಿವೆಗೆ ಬರ್ತಿದ್ದ ಕಾಲದಲ್ಲೇ ಈ ಕಡೆಯ ಹಕ್ಕಿ ಅವರ ಪಡಸಾಲೆಗೆ ಹೋಗ್ತಿತ್ತು ಅನ್ನೋದಷ್ಟೇ. ಕ್ರಿ.ಶ. 79ರಲ್ಲಿ ತೀರಿಕೊಂಡ ಪ್ಲಿನಿ ಅನ್ನೋ ರೋಮನ್ ಪಂಡಿತ ಬರೆದಿದ್ದಾನೆ: ಈ ಹಕ್ಕಿ ಭಾರತದಿಂದ ಬರುತ್ತೆ, ಮೈಯೆಲ್ಲ ಹಸಿರು, ಕುತ್ತಿಗೆಗೆ ಕೆಂಪು ಪಟ್ಟಿ. ಅದರ ತಲೆ ಕೊಕ್ಕಿನಷ್ಟೇ ಗಟ್ಟಿ, ಹಾಗಾಗಿ ಮಾತು ಕಲಿಸುವಾಗ ಕಬ್ಬಿಣದ ಕಡ್ಡಿಯಿಂದ ತಲೆಗೆ ಹೊಡೀಬೇಕು! ಅದೇ ಶತಮಾನದ ಕವಿ ಸ್ಟೇಷಿಯಸ್, ಗೆಳೆಯನ ಗಿಣಿ ಸತ್ತಾಗ ಒಂದು ಶೋಕಗೀತೆ ಬರೆದ. ಅದರಲ್ಲಿ ಪಂಜರದ ವರ್ಣನೆ ಬರುತ್ತೆ. ಆಮೆ ಚಿಪ್ಪಿನ ಹೊಳಪು, ಬೆಳ್ಳಿ ಸರಳುಗಳು, ಅವನ್ನ ಕೂಡಿಸೋಕೆ ಆನೆ ದಂತ. ಎಂಥಾ ವೈಭೋಗ! ಆ ಗಿಣಿ ಎಲ್ಲಿ ಕೂರ್ತಿತ್ತು, ಏನು ಕಚ್ಚಿ ಆಡ್ತಿತ್ತು ಅನ್ನೋದು ಮಾತ್ರ ಆ ವರ್ಣನೆಯಲ್ಲಿಲ್ಲ.

ನಮ್ಮೋರೇನು ಕಮ್ಮಿ ಇರಲಿಲ್ಲ. ವಾತ್ಸ್ಯಾಯನ ಕಾಮಸೂತ್ರದಲ್ಲಿ ಕಲಿಯಬೇಕಾದ 64 ಕಲೆಗಳ ಪಟ್ಟಿ ಕೊಡ್ತಾನೆ. ಗಿಣಿ, ಮೈನಾಗಳಿಗೆ ಮಾತು ಕಲಿಸೋದೂ ಅದರಲ್ಲಿ ಒಂದು. ನಾಗರಿಕನ ಮನೆ ಹೇಗಿರಬೇಕು ಅಂತ ಹೇಳುವಾಗ ಮಲಗೋ ಕೋಣೆಯ ಹೊರಗೆ ಹಕ್ಕಿ ಪಂಜರ ಇರಲಿ ಅಂತಾನೆ. ಏಳನೇ ಶತಮಾನದ ಬಾಣನ ಕಾದಂಬರಿಯ ಕಥೆ ಹೇಳೋದೇ ವೈಶಂಪಾಯನ ಅನ್ನೋ ಗಿಣಿ. ಅದನ್ನ ಕನ್ನಡಕ್ಕೆ ತಂದವನು ನಾಗವರ್ಮ. ಆ ಗಿಣಿ ಶೂದ್ರಕ ರಾಜನ ಆಸ್ಥಾನಕ್ಕೆ ಬರೋದು ಬಂಗಾರದ ಸರಳಿನ ಪಂಜರದಲ್ಲಿ. ಹಕ್ಕಿಯ ಹಸಿರು ಹೊಳಪಿಗೆ ಬಂಗಾರವೇ ಪಚ್ಚೆಯ ಹಾಗೆ ಕಾಣ್ತಿತ್ತಂತೆ.

ಆದರೆ ಬಾಣ ಬರೀ ಪಂಜರ ಬರೆದು ಸುಮ್ಮನಾಗಲಿಲ್ಲ. ಆ ಗಿಣಿ ಪಂಜರಕ್ಕೆ ಹೇಗೆ ಬಂತು ಅಂತಾನೂ ಬರೆದ. ವಿಂಧ್ಯದ ಕಾಡಲ್ಲಿ ಒಂದು ಹಳೇ ಬೂರುಗದ ಮರ. ಪೊಟರೆಗಳಲ್ಲಿ ನೂರಾರು ಗಿಣಿ ಸಂಸಾರ. ಒಬ್ಬ ಮುದಿ ಬೇಡ ಮರ ಹತ್ತಿ, ಹಣ್ಣು ಕಿತ್ತ ಹಾಗೆ ಮರಿಗಳನ್ನ ಪೊಟರೆಯಿಂದ ಕಿತ್ತು, ಕತ್ತು ಮುರಿದು ಕೆಳಗೆ ಎಸೀತಾನೆ. ರೆಕ್ಕೆ ಕೆಳಗೆ ಮರಿಯನ್ನ ಮುಚ್ಚಿಟ್ಟ ಅಪ್ಪ ಗಿಣಿಯನ್ನೂ ಕೊಂದು ಎಸೀತಾನೆ. ಮರಿ ಒಣಗಿದೆಲೆ ರಾಶಿ ಮೇಲೆ ಬಿದ್ದು ಬದುಕುತ್ತೆ. ಇಡೀ ಕಾದಂಬರಿಯಲ್ಲಿ ನನ್ನನ್ನ ಹಿಡಿದು ನಿಲ್ಲಿಸಿದ ಜಾಗ ಇದು. ಇವತ್ತಿಗೂ ಕಳ್ಳದಾರಿಯಲ್ಲಿ ಮಾರೋ ಗಿಣಿ ಮರಿ ಬರೋದು ಹೀಗೇ, ಪೊಟರೆಗೆ ಕೈ ಹಾಕಿ. ಕೊಲ್ಲೋ ಬದಲು ಚೀಲಕ್ಕೆ ತುಂಬ್ತಾರೆ, ಅಷ್ಟೇ ವ್ಯತ್ಯಾಸ.

ಚರಿತ್ರೆಯಲ್ಲಿ ಪಂಜರವಿಲ್ಲದ ಗಿಣಿಯೂ ಇದೆ. 1117ರಲ್ಲಿ ವಿಷ್ಣುವರ್ಧನ ಬೇಲೂರಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವನ ಗುಡಿಯಲ್ಲಿ ಶುಕಭಾಷಿಣಿಯನ್ನ ನೋಡಿ. ಗಿಣಿ ಅವಳ ಕೈ ಮೇಲೆ ಕೂತಿದೆ, ಸುತ್ತ ಸರಳಿಲ್ಲ. ಮದುರೆ ಮೀನಾಕ್ಷಿ ಕೈಯಲ್ಲೂ ಹಾಗೇ. ಆದರೆ ಅದೇ ಮೀನಾಕ್ಷಿ ಗುಡಿಯಲ್ಲಿ ಗಿಣಿಪಂಜರದ ಮಂಟಪ ಅಂತ ಬೇರೆ ಇದೆ. ದೇವಿಯ ಹೆಸರು ಹೇಳೋಕೆ ಕಲಿಸಿದ ಗಿಣಿಗಳನ್ನ ಹಿಂದೆ ಅಲ್ಲಿ ಪಂಜರದಲ್ಲಿ ಇಡ್ತಿದ್ರು. ದೇವಿ ಕೈಯಲ್ಲಿ ಬಿಡುಬೀಸು, ಮಂಟಪದಲ್ಲಿ ಬಂದಿ. ದಾಸರು ದೇಹವನ್ನ ಪಂಜರಕ್ಕೂ ಪ್ರಾಣವನ್ನ ಗಿಣಿಗೂ ಹೋಲಿಸಿ ಹಾಡಿದ್ರು. ಅಜ್ಜಿ ಹೇಳ್ತಿದ್ದ ಕಥೆಯಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆ ಗಿಣಿಯೊಳಗೆ ಇರೋದು, ರಾಜಕುಮಾರ ಹೋಗಿ ಆ ಗಿಣಿಯ ಕಾಲು ಮುರಿದರೆ ಇಲ್ಲಿ ರಾಕ್ಷಸ ಕುಂಟೋನು. ಚಿಕ್ಕೋರಿದ್ದಾಗ ಚಪ್ಪಾಳೆ ತಟ್ಟಿ ಕೇಳ್ತಿದ್ವಿ. ಗಿಣಿ ಏನು ಪಾಪ ಮಾಡಿತ್ತು ಅಂತ ಕಥೆಯಲ್ಲಿ ಯಾರೂ ಕೇಳೋದಿಲ್ಲ.

ಪಂಜರ ಅರಮನೆಯಿಂದ ಬಡವರ ಮನೆಗೂ ಇಳಿದಿದ್ದು ಹತ್ತೊಂಬತ್ತನೇ ಶತಮಾನದಲ್ಲಿ. ಎರಡು ಬೆಳವಣಿಗೆ ಹೆಚ್ಚುಕಮ್ಮಿ ಒಟ್ಟಿಗೇ ಆದವು. ಒಂದು, 1837ರಲ್ಲಿ ಫ್ರಾನ್ಸಿನ ಸೊರೆಲ್ ಅನ್ನೋ ಎಂಜಿನಿಯರ್ ಕಬ್ಬಿಣಕ್ಕೆ ಸತುವಿನ ಲೇಪ ಕೊಡೋ ವಿಧಾನಕ್ಕೆ ಪೇಟೆಂಟ್ ತಗೊಂಡ. ತುಕ್ಕು ಹಿಡಿಯದ ಅಗ್ಗದ ತಂತಿಗೆ ದಾರಿ ಆಯಿತು. ಇನ್ನೊಂದು, 1840ರಲ್ಲಿ ಜಾನ್ ಗೋಲ್ಡ್ ಅನ್ನೋ ಪಕ್ಷಿತಜ್ಞ ಆಸ್ಟ್ರೇಲಿಯಾದಿಂದ ಜೀವಂತ ಬಜರಿಗರ್ ಹಕ್ಕಿಗಳನ್ನ ಇಂಗ್ಲೆಂಡಿಗೆ ತಂದ. ನಮ್ಮ ಪೇಟೆಗಳಲ್ಲಿ ಲವ್ ಬರ್ಡ್ಸ್ ಅಂತ ಮಾರ್ತಾರಲ್ಲ, ಬಹುಪಾಲು ಅದು ಈ ಬಜರಿಗರೇ. ಪಂಜರದಲ್ಲೇ ಸಲೀಸಾಗಿ ಮರಿ ಮಾಡೋ ಹಕ್ಕಿ, ಕೈಗೆಟುಕೋ ಪಂಜರ. ಇನ್ನೇನು ಬೇಕು? ಪಂಜರದಲ್ಲಿ ಕೂರೋಕೆ ಅಂತ ಕಡೆದ ನುಣುಪು ಕಡ್ಡಿ ಎರಡು. ಒಂದೇ ದಪ್ಪ, ಒಂದೇ ನೇರ. ಕಡಿಯೋಕೆ ಸುಲಭ, ತೊಳೆಯೋಕೆ ಸುಲಭ. ಅದೇ ಕಡ್ಡಿ ಇವತ್ತಿಗೂ ಪ್ಲಾಸ್ಟಿಕ್ ವೇಷದಲ್ಲಿ ಪ್ರತಿ ಪಂಜರದ ಜೊತೆ ಫ್ರೀ ಬರುತ್ತೆ.

ಆ ಸತುವೇ ಹಕ್ಕಿಗೆ ವಿಷ. ಗಿಣಿ ಕೊಕ್ಕಿಂದ ತಂತಿ ಕಚ್ಚುತ್ತೆ, ಲೇಪದ ಚೂರು ಹೊಟ್ಟೆಗೆ ಹೋಗುತ್ತೆ. ಹೊಸ ಪಂಜರಕ್ಕೆ ಹಾಕಿದ ಮೇಲೇ ಹಕ್ಕಿ ಕಾಯಿಲೆ ಬೀಳೋದನ್ನ ನೋಡಿ ಪಶುವೈದ್ಯರು ಅದಕ್ಕೆ ಹೊಸ ತಂತಿ ರೋಗ ಅಂತಲೇ ಹೆಸರಿಟ್ರು. ಇನ್ನೊಂದು ಪಾಠ ಗಣಿಯಿಂದ ಬಂತು. 1890ರ ದಶಕದಲ್ಲಿ ಜೆ.ಎಸ್. ಹಾಲ್ಡೇನ್ ಅನ್ನೋ ವಿಜ್ಞಾನಿಯ ಸಲಹೆ ಮೇಲೆ ಬ್ರಿಟನ್ನಿನ ಕಲ್ಲಿದ್ದಲು ಗಣಿಯೊಳಗೆ ಕ್ಯಾನರಿ ಹಕ್ಕಿ ಒಯ್ಯೋದು ಶುರುವಾಯಿತು. ವಿಷಗಾಳಿಗೆ ಮನುಷ್ಯನಿಗಿಂತ ಮೊದಲು ಹಕ್ಕಿ ಬೀಳುತ್ತೆ. ಅದು ನಿಂತಿದ್ದು 1986ರಲ್ಲಿ. ಹಕ್ಕಿಯ ಉಸಿರು ಎಷ್ಟು ಸೂಕ್ಷ್ಮ ಅಂತ ಅಷ್ಟು ವರ್ಷ ಗೊತ್ತಿದ್ದೂ ಇವತ್ತು ನಾನ್‌ಸ್ಟಿಕ್ ಕಾವಲಿ ಇರೋ ಅಡುಗೆಮನೆಯಲ್ಲೇ ಪಂಜರ ತೂಗುಹಾಕ್ತೀವಿ. ಖಾಲಿ ಕಾವಲಿ ಉರಿ ಮೇಲೆ ಮರೆತರೆ ಅದರ ಲೇಪದಿಂದ ಏಳೋ ಹೊಗೆ ನಮಗೆ ವಾಸನೆ ಬರೋ ಮೊದಲೇ ಹಕ್ಕಿಯನ್ನ ಕೊಲ್ಲಬಲ್ಲದು.

ಇಷ್ಟರ ನಡುವೆ ಕಾನೂನು ಅಶೋಕನ ದಾರಿಗೆ ನಿಧಾನವಾಗಿ ವಾಪಸ್ ಬಂತು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಆಯಿತು. 1990-91ರ ಹೊತ್ತಿಗೆ ದೇಶದ ಕಾಡುಹಕ್ಕಿಗಳ ವ್ಯಾಪಾರವೇ ನಿಷೇಧ ಆಯಿತು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದು, ನಾಲ್ಕನೇ ಅನುಸೂಚಿಯಲ್ಲಿದ್ದ ನಮ್ಮ ಗಿಣಿ ಎರಡನೇ ಅನುಸೂಚಿಗೆ ಏರಿತು. ಅಂದ್ರೆ ನಮ್ಮ ಹೊಲದ ಹಸಿರು ಗಿಣಿ, ಕೆಂದಲೆ ಗಿಣಿ, ದೊಡ್ಡ ಗಿಣಿ ಯಾವುದನ್ನೂ ಹಿಡಿಯೋ ಹಾಗಿಲ್ಲ, ಮಾರೋ ಹಾಗಿಲ್ಲ, ಸಾಕೋ ಹಾಗಿಲ್ಲ. "ನಮ್ಮಜ್ಜನ ಕಾಲದಿಂದ ಸಾಕಿದೀವಿ" ಅನ್ನೋದು ಉತ್ತರ ಆಗೋದಿಲ್ಲ. ಜಾತ್ರೆಗಳಲ್ಲಿ ಸಣ್ಣ ಮರದ ಪೆಟ್ಟಿಗೆ ಇಟ್ಕೊಂಡು ಕೂರೋ ಗಿಣಿಶಾಸ್ತ್ರದೋರಿಗೂ ಇದು ಅನ್ವಯ. ಅವರಲ್ಲಿ ಬಹಳ ಜನ ಬಡವರು, ಬೇರೆ ಕಸುಬು ಕಲಿಯದೋರು. ಅವರ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನ ಇಲ್ಲ. ಆದರೆ ರೆಕ್ಕೆ ಕತ್ತರಿಸಿದ ಒಂದು ಹಕ್ಕಿ, ಮೈ ತಿರುಗಿಸೋಕೂ ಜಾಗ ಇಲ್ಲದ ಪೆಟ್ಟಿಗೆಯಿಂದ ಹೊರಬಂದು ಕಾರ್ಡು ಎತ್ತಿ ಒಳಗೆ ಹೋಗುತ್ತಲ್ಲ, ಯಾರ ಭವಿಷ್ಯ ಹೇಳುತ್ತೆ ಅದು?

ಸಾಕಬಹುದಾದದ್ದು ಬಜರಿಗರ್, ಕಾಕಟಿಯಲ್ ತರದ, ಪಂಜರದಲ್ಲೇ ತಲೆಮಾರುಗಳಿಂದ ಹುಟ್ಟಿ ಬೆಳೆದ ಹೊರದೇಶದ ಹಕ್ಕಿಗಳು. ಆಫ್ರಿಕನ್ ಗ್ರೇ, ಮಕಾವ್, ಸನ್ ಕಾನ್ಯೂರ್ ತರದ, ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿರೋ ಹಕ್ಕಿ ಇದ್ದೋರು 2024ರ ನಿಯಮದಂತೆ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕು. ಬೇಜಾರಾಯಿತು ಅಂತ ಇವನ್ನ ಜೋಗಿಮಟ್ಟಿ ಕಾಡಿಗೆ ಬಿಟ್ಟು ಪುಣ್ಯ ಕಟ್ಕೊಳ್ಳೋಕೆ ಹೋಗಬೇಡಿ. ಅವಕ್ಕೆ ಅಲ್ಲಿ ಬದುಕೋಕೆ ಬರಲ್ಲ. ಬದುಕಿದರೆ ಅದು ಇನ್ನೊಂದು ತೊಂದರೆ. ನಮ್ಮ ಹಸಿರು ಗಿಣಿ ಹೀಗೇ ಪಂಜರದಿಂದ ತಪ್ಪಿಸ್ಕೊಂಡು ಈಗ ಲಂಡನ್ನಿನ ಪಾರ್ಕುಗಳಲ್ಲಿ ಸಾವಿರಗಟ್ಟಲೆ ಆಗಿದೆ.

ಹಾಗಾದರೆ ಗಿಣಿಗೆ ಆಟದ ಸಾಮಾನು ಯಾಕೆ ಬೇಕು ಅಂತ ವಿಜ್ಞಾನ ಯಾವಾಗ ಕೇಳಿತು? 1977ರಲ್ಲಿ ಐರಿನ್ ಪೆಪ್ಪರ್‌ಬರ್ಗ್ ಅನ್ನೋ ಅಮೆರಿಕದ ವಿಜ್ಞಾನಿ ಅಂಗಡಿಯಿಂದ ಒಂದು ಆಫ್ರಿಕನ್ ಗ್ರೇ ಗಿಣಿ ತಂದ್ರು. ಹೆಸರು ಅಲೆಕ್ಸ್. 2007ರಲ್ಲಿ ಅದು ಸಾಯೋ ಹೊತ್ತಿಗೆ ಬಣ್ಣ, ಆಕಾರ, ಎಣಿಕೆ ಹೇಳ್ತಿತ್ತು. ಎರಡು ವಸ್ತು ತೋರಿಸಿದರೆ ಯಾವುದರಲ್ಲಿ ವ್ಯತ್ಯಾಸ ಅಂತ ಹೇಳ್ತಿತ್ತು. ಗಿಣಿಪಾಠ ಅಂತ ನಾವು ಯಾವುದನ್ನ ಹೀಗಳೀತೀವೋ ಅದು ಬರೀ ಬಾಯಿಪಾಠ ಅಲ್ಲ ಅಂತ ಆಯಿತು. 2003ರಲ್ಲಿ ಕ್ಯಾಲಿಫೋರ್ನಿಯಾದ ಚೆರಿಲ್ ಮೀಹನ್ ಮತ್ತು ಜೊತೆಗಾರರು ಅಮೆಜಾನ್ ಗಿಣಿಗಳ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದ್ರು. ಬರೀ ಪಂಜರದಲ್ಲಿ ಬೆಳೆದವು ತಮ್ಮ ಪುಕ್ಕ ತಾವೇ ಕಿತ್ಕೊಳ್ಳೋಕೆ ಶುರು ಮಾಡಿದ್ವು. ಹುಡುಕಿ ತಿನ್ನೋ ಊಟ, ಹತ್ತಿ ಆಡೋ ಸಾಮಾನು ಕೊಟ್ಟವು ಹಾಗೆ ಮಾಡಲಿಲ್ಲ. ಶುರು ಮಾಡಿದ್ದವಕ್ಕೂ ಕೊಟ್ಟ ಮೇಲೆ ಕಮ್ಮಿ ಆಯಿತು. ನಾನು ಅಟ್ಟಣೆ ಮೇಲಿಂದ ನೋಡಿದ್ದೂ ಇದನ್ನೇ ಅಲ್ವಾ? ಸಿಗಿಯೋದು, ಸುಲಿಯೋದು, ಉದುರಿಸೋದು. ಗಿಣಿಗೆ ಆಟ ಬೇರೆ, ಹೊಟ್ಟೆಪಾಡು ಬೇರೆ ಅಲ್ಲ. ಆಟದ ಸಾಮಾನು ಅಂದ್ರೆ ಅಲಂಕಾರ ಅಲ್ಲ, ಅದರ ನೌಕರಿ.

ಇನ್ನು ಹಿರಿಯೂರಿಗೆ ನಾನು ಕಳಿಸಿದ ಉತ್ತರ. ಕಾಲಿಂದ ಶುರು ಮಾಡೋಣ. ಗಿಣಿಗೆ ಎರಡು ಬೆರಳು ಮುಂದೆ, ಎರಡು ಹಿಂದೆ. ಮನುಷ್ಯ ಮಲಗ್ತಾನೆ, ಗಿಣಿ ಮಲಗೋದೂ ನಿಂತೇ. ಹಗಲು ರಾತ್ರಿ ಒಂದೇ ದಪ್ಪದ ನುಣುಪು ಕಡ್ಡಿ ಮೇಲೆ ನಿಂತರೆ ಭಾರ ಪಾದದ ಅದೇ ಜಾಗದ ಮೇಲೆ ಬಿದ್ದು ಚರ್ಮ ಸವೆದು ಹುಣ್ಣಾಗುತ್ತೆ. ನಮ್ಮೂರ ಜಗಲಿಯ ಗಿಣಿಗೆ ಆಗಿದ್ದು ಇದೇ. ಹಾಗಾಗಿ ಕೊಂಬೆ ಕೊಂಬೆ ತರಾನೇ ಇರಬೇಕು. ಒಂದು ತುದಿ ದಪ್ಪ, ಒಂದು ತುದಿ ಸಣ್ಣ, ನಡುವೆ ಗಂಟು, ಸೊಟ್ಟ. ಹಕ್ಕಿ ಹಿಡಿದಾಗ ಬೆರಳು ಪೂರ್ತಿ ಸುತ್ತಿ ಬರಬಾರದು, ಮುಕ್ಕಾಲು ಭಾಗ ಸುತ್ತಬೇಕು. ಬಜರಿಗರ್‌ಗೆ ಕಿರುಬೆರಳ ದಪ್ಪ, ಕಾಕಟಿಯಲ್‌ಗೆ ಹೆಬ್ಬೆರಳ ದಪ್ಪ ಅಂತ ಅಂದಾಜು ಇಟ್ಕೊಳ್ಳಿ. ಇಂಥ ಎರಡು ಮೂರು ಕೊಂಬೆ ಬೇರೆ ಬೇರೆ ಎತ್ತರದಲ್ಲಿ ಇರಲಿ. ಕೂಳು, ನೀರಿನ ಬಟ್ಟಲ ನೇರ ಮೇಲೆ ಬೇಡ, ಹಿಕ್ಕೆ ಬೀಳುತ್ತೆ. ಉಗುರು ಸವೆಯಲಿ ಅಂತ ಉಪ್ಪುಕಾಗದ ಸುತ್ತಿದ ಕಡ್ಡಿ ಮಾರ್ತಾರೆ, ಅದು ಉಗುರಿಗಿಂತ ಮೊದಲು ಪಾದ ಸವೆಸುತ್ತೆ.

ಯಾವ ಮರ? ದುಡ್ಡು ಕೊಡಬೇಕಾಗೇ ಇಲ್ಲ. ಬೇವು, ಸೀಬೆ, ನುಗ್ಗೆ, ಹಿಪ್ಪುನೇರಳೆ, ಬಿದಿರು ನಮ್ಮ ಆರೂ ತಾಲ್ಲೂಕಲ್ಲಿ ಸಿಗ್ತವೆ. ಬೇಡವಾದದ್ದು ಕಣಗಿಲೆ, ಎಕ್ಕ, ಕಳ್ಳಿ, ಕಾಡುಹರಳು, ಉಮ್ಮತ್ತಿ, ಲಂಟಾನ. ಇವೆಲ್ಲ ವಿಷ. ಮರಕ್ಕಿಂತ ಮುಖ್ಯ ಅದಕ್ಕೆ ಹೊಡೆದ ಔಷಧಿ. ಹಿರಿಯೂರು ಕಡೆ ದಾಳಿಂಬೆಗೆ ಅಂಗಮಾರಿ, ಹುಳ ಅಂತ ಎಷ್ಟು ಸಲ ಸ್ಪ್ರೇ ಆಗುತ್ತೆ ಅಂತ ತೋಟದೋರಿಗೇ ಗೊತ್ತು. ಅಂಥ ತೋಟದ ಕೊಂಬೆ, ಬದುವಿನ ಗಿಡದ ಕೊಂಬೆ ಎರಡೂ ಬೇಡ. ಹಿತ್ತಲ ಮರ ಒಳ್ಳೇದು. ಕಡಿದು ತಂದು, ಬ್ರಷ್ಷಲ್ಲಿ ಉಜ್ಜಿ ತೊಳೆದು, ನಮ್ಮ ದುರ್ಗದ ಬಿಸಿಲಲ್ಲಿ ನಾಲ್ಕು ದಿನ ಒಣಗಿಸಿ. ತೊಗಟೆ ಇರಲಿ, ಸುಲಿಯೋದು ಗಿಣಿ ಕೆಲಸ. ಕೊಂಬೆ ಹಾಳಾದರೆ ಬೇಜಾರು ಬೇಡ, ಹಾಳು ಮಾಡೋಕೇ ಕೊಟ್ಟಿದ್ದು. ಬದಲಾಯಿಸಿ.

ಆಟದ ಸಾಮಾನಿಗೂ ಹಿತ್ತಲೇ ಅಂಗಡಿ. ಹೊಳಲ್ಕೆರೆ, ಹೊಸದುರ್ಗದ ತೋಟಗಳಲ್ಲಿ ಬಿದ್ದಿರೋ ಅಡಿಕೆ ಹಾಳೆ ತೊಳೆದು ಒಣಗಿಸಿ ತುಂಡು ಮಾಡಿ ತೂಗುಹಾಕಿ. ಕೊಕ್ಕಿಗೆ ಅದಕ್ಕಿಂತ ಚೆಂದದ ಸಾಮಾನು ನಾನು ನೋಡಿಲ್ಲ. ತೆಂಗಿನ ಕರಟದಲ್ಲಿ ತೂತು ಕೊರೆದು ಒಳಗೆ ನವಣೆ ಬಚ್ಚಿಡಿ, ಹುಡುಕ್ಕೊಂಡು ತಿನ್ನಲಿ. ಮೆಕ್ಕೆಜೋಳದ ದಿಂಡು, ಒಣಗಿದ ಸೂರ್ಯಕಾಂತಿ ತಲೆ, ಬಿದಿರಿನ ತುಂಡು. ಬೂಷ್ಟು ಹಿಡಿದಿದ್ದು ಮಾತ್ರ ಒಂದೂ ಬೇಡ. ಅದರಲ್ಲೂ ಕಡಲೆಕಾಯಿ. ಚಳ್ಳಕೆರೆ ಪಕ್ಕದಲ್ಲೇ ಇದ್ದೀವಿ, ಕಡಲೆಕಾಯಿಗೆ ಬರ ಇಲ್ಲ. ಆದರೆ 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿ ಮರಿ ಸತ್ತಿದ್ದು ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಿಂದ. ಅಫ್ಲಾಟಾಕ್ಸಿನ್ ಅನ್ನೋ ವಿಷ ಪತ್ತೆಯಾಗಿದ್ದೇ ಆ ಸಾವಿನಿಂದ.

ಬೇಡ ಅನ್ನೋ ಪಟ್ಟಿಯಲ್ಲಿ ಮೊದಲನೇದು ಗೆಜ್ಜೆ. ಎತ್ತಿನ ಕೊರಳಿಗೆ ಅದು ಶೋಭೆ, ಗಿಣಿಗೆ ಬೋನು. ಅದರ ಸೀಳಿನಲ್ಲಿ ಉಗುರು, ಬೆರಳು ಸಿಕ್ಕಿಕೊಂಡರೆ ಹಕ್ಕಿ ಹೆದರಿ ಎಳೆದು ಕಾಲನ್ನೇ ಮುರ್ಕೊಳ್ಳುತ್ತೆ. ಕೀ ಬಂಚಿನ ರಿಂಗು, ಬಾಯಿ ತೆರೆದ ಕೊಂಡಿಯ ಸರಪಳಿ ಹಾಗೇ. ಹತ್ತಿ ದಾರ, ಎಳೆ ಬಿಟ್ಟ ಗೋಣಿದಾರ ಬೆರಳಿಗೆ ಸುತ್ತಿಕೊಂಡು ರಕ್ತ ನಿಲ್ಲಿಸುತ್ತೆ. ನುಂಗಿದರೆ ಗಂಟಲ ಚೀಲದಲ್ಲಿ ಉಂಡೆ ಕಟ್ಟುತ್ತೆ. ಕನ್ನಡಿ ಮುಂದೆ ಒಂಟಿ ಬಜರಿಗರ್ ತನ್ನ ನೆರಳಿಗೇ ಗುಟುಕು ಕೊಡ್ತಾ ದಿನ ಕಳೆಯುತ್ತೆ. ಬಣ್ಣದ ವಿಷಯ ಹೇಳಬೇಕು ಅಂದ್ರೆ, ಮನೆಗೆ ಹೊಡೆಯೋ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದು ಅಂತ 2016ರಲ್ಲಿ ನಿಯಮ ಬಂತು. 2021ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ ಆಯಿತು. ಗಿಣಿ ಆಟಿಕೆ ಮಕ್ಕಳ ಆಟಿಕೆ ಅಲ್ಲವಲ್ಲ, ಆ ಆದೇಶ ಅದನ್ನ ಮುಟ್ಟೋದಿಲ್ಲ. ಮಗು ಚೀಪುತ್ತೆ, ಗಿಣಿ ಸಿಗಿದು ಚೂರು ಮಾಡುತ್ತೆ. ನೋಡೋಕೆ ಹೊಳೆಯೋದನ್ನೆಲ್ಲ ಅನುಮಾನದಿಂದಲೇ ನೋಡಿ. ಪಂಜರ ವೆಲ್ಡ್ ಮಾಡಿಸ್ತೀರಾದರೆ ಸ್ಟೇನ್‌ಲೆಸ್ ಸ್ಟೀಲ್ ಮಾಡಿಸಿ. ಅಷ್ಟು ಬಂಡವಾಳ ಇಲ್ಲ, ಸತುವಿನ ಮೆಶ್ಶೇ ಗತಿ ಅಂದ್ರೆ ವಿನಿಗರ್ ಹಾಕಿ ಬ್ರಷ್ಷಲ್ಲಿ ಚೆನ್ನಾಗಿ ತಿಕ್ಕಿ ತೊಳೆದು ಒಣಗಿಸಿ. ಅಪಾಯ ಕಮ್ಮಿ ಆಗುತ್ತೆ, ಪೂರ್ತಿ ಹೋಗಲ್ಲ.

ಸ್ಟೇಷಿಯಸ್ ಹಾಡಿದ ದಂತದ ಪಂಜರ, ಬಾಣ ಬರೆದ ಬಂಗಾರದ ಪಂಜರ, ಆನ್‌ಲೈನಲ್ಲಿ ಸಿಗೋ ಪ್ಲಾಸ್ಟಿಕ್ ಅರಮನೆ, ಮೂರೂ ನನಗೆ ಈಗ ಒಂದೇ ತರ ಕಾಣುತ್ತೆ. ದುಡ್ಡು ಕೊಡೋನಿಗೆ ಮಾಡಿದ್ದು. ಎರಡು ಸಾವಿರ ವರ್ಷದ ಶೋಕಿಗೆ ಎದುರಾಗಿ ಒಂದು ಗಂಟುಗಂಟಿನ ಬೇವಿನ ಕೊಂಬೆ ನಿಲ್ಲುತ್ತೆ, ಬೆಲೆ ಸೊನ್ನೆ ರೂಪಾಯಿ. ಬ್ರಹ್ಮಗಿರಿಯ ಬಂಡೆ ಹೇಳೋ ದಯೆ ದೊಡ್ಡ ಮಾತು. ಅದನ್ನ ದಿನಬಳಕೆಗೆ ಇಳಿಸಿದರೆ ಹೀಗಾಗುತ್ತೆ: ಸಾಕಿದ ಹಕ್ಕಿ ಇದ್ದರೆ ಇವತ್ತು ಅದರ ಪಾದ ಎತ್ತಿ ಅಡಿಭಾಗ ನೋಡಿ. ಕೆಂಪಾಗಿದ್ದರೆ ಕಡ್ಡಿ ತೆಗೆದು ಕೊಂಬೆ ಹಾಕಿ, ಊತ ಇದ್ದರೆ ಪಶುವೈದ್ಯರಿಗೆ ತೋರಿಸಿ. ಒಳಗಿರೋದು ನಮ್ಮ ಹೊಲದ ಹಸಿರು ಗಿಣಿಯೇ ಆಗಿದ್ದರೆ ಕೊಂಬೆಯೂ ಬೇಡ, ಆಟದ ಸಾಮಾನೂ ಬೇಡ. ಅರಣ್ಯ ಇಲಾಖೆಗೆ ಒಪ್ಪಿಸಿ. ಅದಕ್ಕೆ ಬೇಕಾದ ಕೊಂಬೆಗಳೆಲ್ಲ ಹೊರಗಿವೆ.